ಮತ್ತೆ ಮತ್ತೆ ಬಂದ ಬಣ್ಣದ ಚೌಕಗಳು

ಮುಜಿಯೊನೊನ ಬಾಯಲ್ಲಿ 'ಆಗುವುದಿಲ್ಲ' ಎಂಬ ಮಾತನ್ನು ಸೋಲೋ ಊರಿನಲ್ಲಿ ಯಾರೂ ಕೇಳಿದವರಿಲ್ಲ. ರಿಪೇರಿಗೆ ಬಂದ ಲ್ಯಾಪ್‌ಟಾಪ್ ಬಾವಿಗೆ ಬಿದ್ದಿರಲಿ, ಸುಟ್ಟು ಕರಕಲಾಗಿರಲಿ, 'ನೋಡೋಣ' ಅನ್ನುತ್ತಾನೆ. ಗಿರಾಕಿಗಳು ವಿಷಯ ಅರ್ಥ ಮಾಡಿಕೊಂಡು, ಅಷ್ಟೇ ನಯವಾಗಿ ತಲೆಯಾಡಿಸಿ, ಬೇರೆ ಅಂಗಡಿ ಹುಡುಕುತ್ತಾರೆ. ಹುಡುಕದೆ ಉಳಿದವರು ಸರ್ವಾದಿ ಒಬ್ಬರೇ.

ಸರ್ವಾದಿ ಪಕ್ಕದ ಓಣಿಯವರು, ಮದುವೆಗಳ ವಿಡಿಯೊ ಮಾಡುವವರು. ಅವರ ಲ್ಯಾಪ್‌ಟಾಪಿನ ಪರದೆಯ ತುಂಬ ಗುಲಾಬಿ, ಹಸಿರು ಚೌಕಗಳು ಎದ್ದಾಗ ಮುಜಿಯೊನೊ ಒಳಗಿನ ಚಿಪ್‌ಗೆ ಬಿಸಿಗಾಳಿ ಹಿಡಿದು ಕೊಟ್ಟಿದ್ದ. ಬಿಸಿ ತಾಕಿದರೆ ಸಡಿಲವಾದ ಬೆಸುಗೆ ಒಂದಷ್ಟು ಕಾಲ ಕೂಡಿಕೊಳ್ಳುತ್ತದೆ, ಆಮೇಲೆ ಯಥಾಪ್ರಕಾರ. ಆ ಬೀದಿಯ ರಿಪೇರಿ ಅಂಗಡಿಯವರೆಲ್ಲ ಮಾಡುವುದು ಇದನ್ನೇ. ಚೌಕಗಳು ಮತ್ತೆ ಬಂದವು, ಸರ್ವಾದಿಯೂ ಬಂದರು, ಮತ್ತೆ ಬಿಸಿಗಾಳಿ. ಹೀಗೇ ನಡೆದು, ಈಗ ಹುದುಗೆಬ್ಬಿಸಿದ ಸೋಯಾಕಾಳಿನ ಟೆಂಪೆಯನ್ನು ಕರಿದು ಕಟ್ಟಿದ ಪೊಟ್ಟಣ ಹಿಡಿದು ಪುನಃ ಬಂದು ಕೂತಿದ್ದಾರೆ.

"ಸ್ವಲ್ಪ ಬಣ್ಣ ಬರ್ತಿದೆ, ಅಷ್ಟೇ. ಏನೂ ಅವಸರ ಇಲ್ಲ, ಮಾಸ್," ಎಂದರು ಸರ್ವಾದಿ. ಅಲ್ಲಿ ಅಣ್ಣ ಎನ್ನುವುದಕ್ಕೆ 'ಮಾಸ್' ಎನ್ನುತ್ತಾರೆ.

ಗಲ್ಲಾದಲ್ಲಿ ಕೂತಿದ್ದ ಮುಜಿಯೊನೊನ ಹೆಂಡತಿ ಯಾತ್ಮಿ ಸುಮ್ಮನಿರಲಿಲ್ಲ. "ಇನ್ನೆಷ್ಟು ಸಲ ಹುರೀತೀರಿ ಅದನ್ನ? ಕಡ್ಲೆಕಾಯೇನು ಅದು? ಇವತ್ತಾದ್ರೂ ಏನಾಗಿದೆ ಅಂತ ಸರಿಯಾಗಿ ನೋಡಿ."

ಮುಜಿಯೊನೊ ನೋಡಿದ. ಲ್ಯಾಪ್‌ಟಾಪ್ ಚಾಲೂ ಆಗುತ್ತಿದ್ದಂತೆಯೇ ಚೌಕಗಳು ಎದ್ದವು. ಹೊರಗಿನ ಪರದೆಯೊಂದಕ್ಕೆ ತಂತಿ ಜೋಡಿಸಿದ. ಅದರಲ್ಲೂ ಅವೇ ಚೌಕಗಳು. ಅಂದರೆ ಪರದೆಯ ತಪ್ಪಲ್ಲ. ಪರೀಕ್ಷೆಯ ಪ್ರೋಗ್ರಾಂ ಓಡಿಸಿದ. ಚಿತ್ರಗಳನ್ನು ಹಿಡಿದಿಡುವ ಮೆಮೊರಿ ಚಿಪ್‌ಗಳಲ್ಲಿ ಒಂದು ಕೆಟ್ಟು ಕೂತಿತ್ತು. ಅವನು ಇಷ್ಟು ದಿನ ಬಿಸಿ ಹಿಡಿದಿದ್ದು ಅದರ ಪಕ್ಕದ ದೊಡ್ಡ ಚಿಪ್‌ಗೆ. ತಗುಲಿದ ಕಾವಿಗೆ ಇದೂ ಒಂದಷ್ಟು ದಿನ ಸುಧಾರಿಸುತ್ತಿತ್ತು, ಅಷ್ಟೇ. ಕೆಟ್ಟದ್ದನ್ನು ಬದಲಾಯಿಸೋಣವೆಂದರೆ ಚಿಪ್‌ಗಳನ್ನು ಹೊತ್ತ ಬೋರ್ಡು ಪದೇ ಪದೇ ಕಾದು ಅಲ್ಲಿ ಉಬ್ಬಿಕೊಂಡಿದೆ. ಚಿಪ್ ಎಬ್ಬಿಸಿದರೆ ಕೆಳಗಿನ ತಾಮ್ರದ ಗೆರೆಗಳೂ ಕಿತ್ತು ಬರುತ್ತವೆ.

ಇನ್ನೊಮ್ಮೆ ಬಿಸಿ ಮಾಡಿ ಕೊಟ್ಟರೆ ಸರ್ವಾದಿಯ ಈ ವಾರದ ಮದುವೆ ಕೆಲಸ ಅರ್ಧಕ್ಕೆ ನಿಂತು ಮರ್ಯಾದೆ ಹೋಗುತ್ತದೆ. ನಿಜ ಹೇಳಿದರೆ ಸರ್ವಾದಿ ಇನ್ನು ಬರುವುದಿಲ್ಲ. ಈ ಎರಡನೆಯದೇ ಮುಜಿಯೊನೊನನ್ನು ಹೆಚ್ಚು ಹೆದರಿಸಿದ್ದು. ಅಂಗಡಿಗೆ ಬಂದು ಟೆಂಪೆ ತಿನ್ನುತ್ತ ಹರಟುವವರು ಅವನಿಗೆ ಬೇರೆ ಯಾರಿದ್ದರು?

"ಮಾಸ್ ಸರ್ವಾದಿ, ತಪ್ಪು ತಿಳ್ಕೋಬೇಡಿ..." ಮುಜಿಯೊನೊ ಸ್ಕ್ರೂಡ್ರೈವರ್ ಒರೆಸತೊಡಗಿದ.

"ಹೇಳ್ರೀ!" ಎಂದಳು ಯಾತ್ಮಿ.

"ಇದು ಆಗೋದಿಲ್ಲ. ನಾನು ಬಿಸಿ ಮಾಡ್ತಿದ್ದಿದ್ದೇ ಬೇರೆ ಚಿಪ್ಪು. ಈಗ ಬೋರ್ಡೇ ಹೋಗಿದೆ. ಇದರ ಮೇಲೆ ಇನ್ನು ಖರ್ಚು ಮಾಡೋದು ಬೇಡ."

ಸರ್ವಾದಿ ಪೊಟ್ಟಣವನ್ನು ಪಕ್ಕಕ್ಕಿಟ್ಟು, ದೊಡ್ಡ ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟರು. "ಅಬ್ಬಾ! ಹೇಳಿದ್ರಲ್ಲ. ನಾನು ಹೊಸ ಲ್ಯಾಪ್‌ಟಾಪ್ ತಗೊಂಡಿದ್ದು ರಂಜಾನ್ ಹಬ್ಬಕ್ಕೂ ಮುಂಚೇನೇ."

"ಮತ್ತೆ ಇದನ್ನ ಯಾಕೆ ತರ್ತಿದ್ರಿ?"

"ನೀವು ಅಷ್ಟು ಕಷ್ಟಪಟ್ಟು ಮಾಡ್ತಿದ್ರಿ. ಬರೋದು ನಿಲ್ಲಿಸಿದ್ರೆ ನಿಮ್ಮ ಕೈ ಮೇಲೆ ನಂಬಿಕೆ ಹೋಯ್ತು ಅಂದ್ಕೋತಿದ್ರಿ. ನಿಮ್ಮನ್ನ ನೋಯಿಸೋಕೆ ಮನಸ್ಸು ಬರ್ಲಿಲ್ಲ, ಮಾಸ್."

ಯಾತ್ಮಿ ಹಣೆ ಚಚ್ಚಿಕೊಂಡು, ಶುಂಠಿ ಕಷಾಯ ಕಾಯಿಸಲು ಒಳಗೆ ಹೋದಳು. ಗಂಡಸರಿಬ್ಬರೂ ಸತ್ತ ಲ್ಯಾಪ್‌ಟಾಪನ್ನೇ ನೋಡುತ್ತ ಕೂತರು. ಮುಜಿಯೊನೊನಿಗೆ ನಾಚಿಕೆಯಾಯಿತು. ನಗುವೂ ಬಂತು. ಅದಕ್ಕಿಂತ ಹೆಚ್ಚಾಗಿ, ಇನ್ನು ಇವರು ಬರಲು ಕಾರಣವೇ ಉಳಿಯಲಿಲ್ಲವಲ್ಲ ಎಂದು ಬೇಸರವಾಯಿತು.

"ಆ ಹೊಸದು ಚೆನ್ನಾಗಿ ನಡೀತಿದೆಯಾ?" ಕೊನೆಗೆ ಕೇಳಿದ.

"ಬೆಣ್ಣೆ ಥರ."

"ಫ್ಯಾನು ಸದ್ದು ಮಾಡ್ತಿರಬೇಕು."

ಸರ್ವಾದಿ ಅವನ ಮುಖ ನೋಡಿದರು. ಟೆಂಪೆಯ ಒಂದು ತುಂಡು ಮುರಿದು, ನಿಧಾನವಾಗಿ ಅಗಿದು ನುಂಗಿದರು.

"ಹೌದು ಮಾಸ್, ನೀವು ಹೇಳಿದ ಮೇಲೆ ನೆನಪಾಯ್ತು," ಎಂದರು. "ಸ್ವಲ್ಪ ಸದ್ದು ಮಾಡುತ್ತೆ. ಗುರುವಾರ ತರ್ತೀನಿ."