ಬೆಳ್ಳಗಾಗುವ ಬೆರಳು

ದಾನೇಶ್ವರಿಯ ಬೆರಳುಗಳು ಕೋಲ್ಡ್ ಸ್ಟೋರೇಜಿನ ಒಳಗೆ ಮಾತ್ರ ಸಾಯುತ್ತಿದ್ದವು. ಹೊರಗೆ ಬಂದರೆ ಜೀವ ಬರುತ್ತಿತ್ತು. ಅದಕ್ಕೇ ಅವಳ ಮಾತನ್ನು ಯಾರೂ ನಂಬಲಿಲ್ಲ.

ದಹಿಸರ್‌ನ ಆ ಗೋದಾಮಿನಲ್ಲಿ ಅವಳದು ಹೆಪ್ಪುಗಟ್ಟಿದ ಸೀಗಡಿಯನ್ನು ಪ್ಯಾಕೆಟ್ಟಿಗೆ ತುಂಬುವ ಕೆಲಸ. ಮಳೆಗಾಲ ಕಳೆದ ಮೇಲೆ ಶುರುವಾಯಿತು. ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುವುದು, ಚಿವುಟಿದರೂ ತಿಳಿಯದಿರುವುದು, ಆಮೇಲೆ ನೀಲಿ. ಬಿಸಿಲಿಗೆ ಹಿಡಿದರೆ ಕೆಂಪಗಾಗಿ ಬೆಂಕಿಯಂಥ ಉರಿ. ಸೂಪರ್‌ವೈಸರನ ಆಫೀಸಿಗೆ ಓಡಿ ತೋರಿಸುವಷ್ಟರಲ್ಲಿ ಕೈ ಸರಿಯಾಗಿಬಿಡುತ್ತಿತ್ತು. "ನಾಟಕ್ ಮತ್ ಕರ್," ಎಂದು ಅವನು ನಕ್ಕ. ಧಾರಾವಿಯ ಖೋಲಿಯಲ್ಲಿ ಗಂಡ ಕಾಶಿನಾಥ ಅವಳ ಕೈಯನ್ನು ಬಲ್ಬಿನ ಕೆಳಗೆ ತಿರುಗಿಸಿ ನೋಡಿ, "ಚಲೋ ಅದಾವಲ್ಲ?" ಎಂದ. ಹಾಗೆಂದವನೇ ತನ್ನ ತಾಟು, ಲೋಟ ಬೇರೆ ಇಟ್ಟುಕೊಳ್ಳತೊಡಗಿದ.

ಯಾರೋ ಏನೋ ಮಾಡಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಯಾರೆಂದು ದೂರ ಹುಡುಕಬೇಕಿರಲಿಲ್ಲ. ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದ ಭಾಗವ್ವ, ಎದುರು ಟೇಬಲ್ಲಿನವಳು, ಈಚೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಊಟಕ್ಕೂ ಗ್ಲೌಸ್ ಬಿಚ್ಚದೆ, ಗೋಡೆಯ ಕಡೆ ಮುಖ ಮಾಡಿ ಚಮಚದಲ್ಲಿ ತಿನ್ನುತ್ತಿದ್ದಳು. ಅದೂ ಅಲ್ಲದೆ, ರಬ್ಬರ್ ಗ್ಲೌಸಿನೊಳಗೆ ಹಾಕುವ ದಾನೇಶ್ವರಿಯ ಉಣ್ಣೆಯ ಗವಸು ಬೆಳಿಗ್ಗೆ ಒಣಗಿದ್ದದ್ದು ಟೀ ಕುಡಿದು ಬರುವಷ್ಟರಲ್ಲಿ ಹಸಿಯಾಗಿರುತ್ತಿತ್ತು. ಏನಾದರೂ ಸವರಿಡುತ್ತಾಳೇನೋ! ಮೂಸಿ ನೋಡಿದಳು. ಸೀಗಡಿಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಅಷ್ಟು ಜಾಣತನದಿಂದ ಮಾಡಿದ್ದಾಳೆ ಎಂದು ಅನುಮಾನ ಇನ್ನೂ ಗಟ್ಟಿಯಾಯಿತು.

ಒಂದು ದಿನ ಬೇಕೆಂದೇ ಟೀ ಬಿಟ್ಟು ಒಳಗೆ ಬಂದಳು. ಅವಳ ಗವಸು ಭಾಗವ್ವನ ಕೈಯಲ್ಲಿತ್ತು.

"ಏನ್ ಹಾಕಾಕತ್ತಿ ಅದರಾಗ? ಖರೇ ಹೇಳು!"

"ಏನೂ ಇಲ್ಲವಾ," ಎಂದು ಭಾಗವ್ವ ಗವಸನ್ನು ಟೇಬಲ್ಲಿಗೆ ಎಸೆದು ಸರಸರ ಹೊರಟುಹೋದಳು.

ಮರುದಿನ ದಾನೇಶ್ವರಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಗಂಡನನ್ನೂ ಎಳೆದುಕೊಂಡು, ಪರೇಲ್‌ನ ಆಸ್ಪತ್ರೆಯೊಂದಕ್ಕೆ ಹೋದಳು. "ಇದರಾಗ ವಿಷ ಐತೇನ್ ನೋಡ್ರಿ."

ಡಾಕ್ಟರ್ ಅಪೇಕ್ಷಾ ಮೈಸೂರು ಮನೆತನದ ಹುಡುಗಿ, ಮುಂಬಯಿಯಲ್ಲೇ ಬೆಳೆದವಳು. ಗವಸನ್ನು ಬದಿಗಿಟ್ಟು, ಐಸ್ ಹಾಕಿದ ನೀರಿನಲ್ಲಿ ದಾನೇಶ್ವರಿಯ ಕೈ ಅದ್ದಿಸಿದಳು. ಕಾಶಿನಾಥನ ಕಣ್ಣೆದುರೇ ಬೆರಳುಗಳು ಬೆಳ್ಳಗಾದವು. ಅವನು ಹಿಂದಕ್ಕೆ ಸರಿದ.

"ವಿಷ ಅಲ್ಲ. ಕುಷ್ಠಾನೂ ಅಲ್ಲ," ಎಂದು ಡಾಕ್ಟರ್ ಅವನ ಮುಖ ನೋಡಿಯೇ ಹೇಳಿದಳು. "ಥಂಡಿ ಆದ್ರೆ ಎಲ್ಲರ ರಕ್ತನಾಳಾನೂ ಸ್ವಲ್ಪ ಟೈಟ್ ಆಗುತ್ತೆ, ಬಾಡಿಯ ಬಿಸಿ ಉಳಿಸೋಕೆ. ನರ ಸಿಗ್ನಲ್ ಕೊಡುತ್ತೆ, ನಾಳದ ಗೋಡೆಯ ಸೆಲ್‌ಗಳು ಕೇಳಿಸ್ಕೊಳ್ತವೆ. ಇವರಲ್ಲಿ ಆ ಸೆಲ್‌ಗಳು... ಕೈಸೆ ಬೋಲೂಂ, ಹೇಗೆ ಹೇಳ್ಲಿ... ಥಂಡೀಲಿ ಕಿವಿ ಜಾಸ್ತಿ ಚುರುಕು. ಮೆಲ್ಲಗೆ ಹೇಳಿದ್ರೂ ಕೂಗಿದ ಹಾಗೆ. ದಾರಿ ಪೂರಾ ಬಂದ್ ಮಾಡ್ಬಿಡ್ತವೆ. ಬ್ಲಡ್ ಟೆಸ್ಟ್ ಮಾಡೋಣ. ಆದ್ರೆ ಆ ಕೆಲಸ ಬಿಡಬೇಕು."

"ಬಿಡಲಿಲ್ಲಂದ್ರ?" ಎಂದಳು ದಾನೇಶ್ವರಿ.

"ತುದಿಗೆ ಹುಣ್ಣಾಗಬಹುದು. ರೊಟ್ಟಿ ಮುರಿಯೋಕೂ ಆಗಲ್ಲ."

ದಾನೇಶ್ವರಿಗೆ ಗ್ಲೌಸ್ ಬಿಚ್ಚದೆ ಚಮಚದಲ್ಲಿ ತಿನ್ನುತ್ತಿದ್ದ ಭಾಗವ್ವ ನೆನಪಾದಳು.

ಸಂಜೆ ಗೋದಾಮಿನ ಗೇಟಿನಲ್ಲಿ, ಗ್ಲೌಸ್ ಹಾಕಿಕೊಂಡೇ ಮನೆಗೆ ಹೊರಟಿದ್ದ ಭಾಗವ್ವನನ್ನು ಅಡ್ಡಗಟ್ಟಿದಳು. "ಗ್ಲೌಸ್ ಬಿಚ್ಚು."

ಭಾಗವ್ವ ಒಂದೊಂದೇ ಬೆರಳು ಎಳೆದು ಬಿಚ್ಚಿದಳು. ಬೆರಳ ತುದಿಗಳಲ್ಲಿ ಹುಣ್ಣು, ಕಿರುಬೆರಳು ಕರ್ರಗಾಗಿತ್ತು.

"ನನ್ನ ಗವಸು ಹಸಿ ಆದ್ರ ತಡಿಯಾಕ ಆಗತಿದ್ದಿಲ್ಲ. ಎರಡೂ ಒಂದೇ ನಮೂನಿ, ನಿಂದು ತಗೊಂಡು ನಂದು ಇಡತಿದ್ದೆ. ತೋರಿಸಿದ್ರ ಕೆಲಸ ಹೋಗತೈತಿ."

"ನನ್ನ ಕೈ ಬೆಳ್ಳಗಾಗೂದು ನೋಡಿದ್ದಿಲ್ಲೇನ?"

"ನೋಡೀನಿ. ನನ್ನ ಬ್ಯಾನಿ ಗೊತ್ತಾಗಿ, ನನ್ನ ಹಿಡಕೊಡಾಕ ನೀನು ನಾಟಕ ಹೂಡೀದಿ ಅಂತ ತಿಳಿದಿದ್ದೆ."

ದಾನೇಶ್ವರಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸಲಿಲ್ಲ. ಮಾರನೆಯ ದಿನ ಅದೇ ಆಸ್ಪತ್ರೆಗೆ ಅವಳನ್ನು ಕರೆದೊಯ್ದಳು. ಕಿರುಬೆರಳ ತುದಿ ಉಳಿಯಲಿಲ್ಲ, ಉಳಿದ ಬೆರಳುಗಳ ಹುಣ್ಣು ಮಾಯಿತು.

ಈಗ ದಾನೇಶ್ವರಿ ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಕಡೆ ಇದ್ದಾಳೆ. ಭಾಗವ್ವನಿಗೂ ಅಲ್ಲೇ ಕೆಲಸ ಕೊಡಿಸಿದಳು. ಇಬ್ಬರಲ್ಲಿ ಮೊದಲಿನ ಸಲಿಗೆ ಮಾತ್ರ ಇನ್ನೂ ಬಂದಿಲ್ಲ.