ಇಬ್ಬರು ಫುಫ್ಫಡರ ತೂಕ

ಡಬ್ವಾಲಿಯ ಜೀಪು ಬಜಾರಿನಲ್ಲಿ ಹದಿನಾರು ವರ್ಷ ಬೇರೆಯವರ ಕೈಕೆಳಗೆ ಬೆಸುಗೆ ಹಾಕಿದ ಮೇಲೆ, ಸ್ವಂತ ಶೆಡ್ಡಿನಲ್ಲಿ ನಾನು ಕಟ್ಟಿದ ಮೊದಲ ಜೀಪು ಅದು. ಸೇನೆಯ ಹರಾಜಿನಿಂದ ಬಂದಾಗ ಮರಳುದಿಣ್ಣೆಗಳನ್ನು ಹತ್ತಿಳಿದು ಹಣ್ಣಾಗಿತ್ತು. ಮೊಣಕಾಲುದ್ದದ ಹಳ್ಳವನ್ನೂ ಲೆಕ್ಕಿಸದಷ್ಟು ಎತ್ತರದಲ್ಲಿತ್ತು ಅದರ ಹೊಟ್ಟೆ. ನಾಲ್ಕು ತಿಂಗಳಲ್ಲಿ ಅದರ ಚೌಕಟ್ಟನ್ನು ತಗ್ಗಿಸಿದೆ, ಸ್ಪ್ರಿಂಗಿನ ಪಟ್ಟಿಗಳಲ್ಲಿ ಮೂರು ಮೂರನ್ನು ಕಳಚಿದೆ, ಮುಂದಿನ ಗಾಜನ್ನು ಓರೆಯಾಗಿಸಿದೆ, ಹಿಂದಕ್ಕೆ ಅಗಲವಾದ ಚಕ್ರಗಳನ್ನು ಕೂರಿಸಿದೆ, ಸೇನೆಯ ಹಸಿರನ್ನು ಕೆರೆದು ಮುಖ ಕಾಣುವಂಥ ಕೆಂಪು ಬಳಿದೆ. ಡಾಂಬರಿನ ಮೇಲೆ ಅದು ಹೊರಟರೆ ನೆಲ ನೆಕ್ಕುತ್ತ ಹೋಗುವಂತೆ ಕಾಣುತ್ತಿತ್ತು. ಜೀಪಿನ ಒಡೆಯ ಹರ್ಮೇಲ್ ಕೇಳಿದ್ದೂ ಅದನ್ನೇ. ತಮ್ಮ ಸುಖಪಾಲನ ಮದುವೆಯ ದಿಬ್ಬಣ ಅದರಲ್ಲೇ ಹೊರಡಬೇಕೆಂಬುದು ಅವನ ಹಟ. ಅರ್ಧ ಬಜಾರು ಆ ದಿಬ್ಬಣದಲ್ಲಿರುವುದೆಂದು ನನಗೆ ಗೊತ್ತಿತ್ತು. ಜೀಪು ಮೆರೆದರೆ ನನ್ನ ಶೆಡ್ಡು ಉಳಿಯುತ್ತದೆ. ಮುಗ್ಗರಿಸಿದರೆ ನಾನು ಮತ್ತೆ ಬೇರೆಯವರ ಕೈಕೆಳಗೆ.

ಹೆಣ್ಣಿನ ಊರಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಮೇಲೆ, ಒಂಟೆಯ ಬೆನ್ನಿನಂತೆ ಉಬ್ಬಿದ ಹಳೆಯ ಸೇತುವೆಯೊಂದಿದೆ. ಅದನ್ನು ನಾನು ಮರೆತಿರಲಿಲ್ಲ. ವಾರಕ್ಕೆ ಮೊದಲೇ ಮದುಮಗನ ಬದಲು ಒಂದು ಮೂಟೆ ಮರಳನ್ನೂ ಎರಡು ದೊಡ್ಡ ಸ್ಪೀಕರುಗಳನ್ನೂ ಹೇರಿಕೊಂಡು ಹೋಗಿ ನೋಡಿದ್ದೆ. ನಾಲ್ಕು ಬೆರಳಿನ ಅಂತರದಲ್ಲಿ ಜೀಪು ದಾಟಿತ್ತು. ಹಿಂದಿನ ಬೆಂಚು ಖಾಲಿಯಾಗಿಯೇ ಇರುವುದೆಂದು ನಾನು ನಂಬಿದ್ದೇ ತಪ್ಪಾಯಿತು.

ನಮ್ಮಲ್ಲಿ ಸೋದರತ್ತೆಯ ಗಂಡನಿಗೆ ಫುಫ್ಫಡ ಎನ್ನುತ್ತಾರೆ. ಅಳಿಯನಾಗಿ ಬಂದ ದಿನದ ಮುನಿಸನ್ನು ಅವನು ಮುಪ್ಪಿನವರೆಗೂ ಜೋಪಾನವಾಗಿಟ್ಟುಕೊಂಡಿರುತ್ತಾನೆ. ಹರ್ಮೇಲನಿಗೆ ಅಂಥವರು ಇಬ್ಬರು: ನಾಜರ್ ಸಿಂಗ್ ಮತ್ತು ಬಖ್ತೌರ್ ಸಿಂಗ್. ಮದುವೆಯ ಬೆಳಿಗ್ಗೆ ನಾಜರ್ ಸಿಂಗ್ ಹಿಂದಿನ ಬೆಂಚಿಗೆ ಹತ್ತಿ ಕೂತ. ಅದನ್ನು ಕಂಡ ಬಖ್ತೌರ್ ಸಿಂಗ್ ಕಾರಿನಿಂದಿಳಿದು ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಎಮ್ಮೆಯ ಹಾಲಿನಲ್ಲಿ ಬೆಳೆದವರು. ಜೀಪಿನ ಹಿಂಭಾಗ ನಿಟ್ಟುಸಿರಿಟ್ಟಂತೆ ಕುಸಿಯಿತು.

ಬೈಕಿನಲ್ಲಿ ಹಿಂಬಾಲಿಸಿದ ನಾನು ಸೇತುವೆಯ ಬುಡದಲ್ಲಿ ಜೀಪನ್ನು ತಡೆದೆ. ಹೊಸ ಕುರ್ತಾದಲ್ಲೇ ನೆಲದ ಮೇಲೆ ಮಲಗಿ ನೋಡಿದೆ. ಉಬ್ಬಿನ ನೆತ್ತಿಗೆ ಗೇರ್‌ಬಾಕ್ಸು ಬಡಿಯುವುದು ಖಚಿತವಾಗಿತ್ತು.

ಚಾಲಕನ ಸೀಟಿನಲ್ಲಿದ್ದ ಹರ್ಮೇಲ್ ಬಗ್ಗಿ ಪಿಸುಗುಟ್ಟಿದ: "ಏನೋ ಬಿಕ್ಕರ್, ಬಿಡ್ಲಾ?"

"ಬಿಟ್ರೆ ಗೇರ್‌ಬಾಕ್ಸು ಸೇತುವೆ ಮೇಲೆ, ನಿನ್ನ ತಮ್ಮ ಟ್ರ್ಯಾಕ್ಟರ್ ಮೇಲೆ. ಹಿಂದಿರೋ ಇಬ್ಬರನ್ನೂ ಇಳಿಸು."

"ನಾನಾ? ಇಳಿಸಿದ್ರೆ ನಮ್ಮತ್ತೆಯಂದಿರು ಈ ಜನ್ಮದಲ್ಲಿ ನಮ್ಮನೆ ಹೊಸಿಲು ತುಳಿಯಲ್ಲ. ಗಾಡಿ ಕಟ್ಟಿದೋನು ನೀನು, ನೀನೇ ಹೇಳು."

ನಾನು ಕೈಮುಗಿದು ಹಿಂದಕ್ಕೆ ಹೋದೆ. "ಫುಫ್ಫಡ್‌ಜೀ, ಕಾಲುವೆ ಹಿಂದೆ ಕಾಣೋ ಹಾಗೆ ಒಂದು ಫೋಟೋ ತೆಗೆಸೋಣ. ಸ್ವಲ್ಪ ಇಳೀತೀರಾ?"

"ಕೂತಿರೋದನ್ನೇ ತೆಗಿ," ಎಂದ ನಾಜರ್ ಸಿಂಗ್. "ಇಳಿದು ನಿಂತ್ರೆ ಬ್ಯಾಂಡಿನೋನು ಅಂದ್ಕೋತಾರೆ."

"ಅಲ್ಲಿ ಮರದ ಕೆಳಗೆ ತಣ್ಣನೆ ಲಸ್ಸಿ..."

"ಕಾಲಿದ್ಯಲ್ಲ ನಿಂಗೆ? ತಂದುಕೊಡು."

"ಹಿಂದೆ ಬರ್ತಿರೋ ಕಾರಲ್ಲಿ ಎಸಿ ಇದೆ ಫುಫ್ಫಡ್‌ಜೀ, ಧೂಳೂ ಇಲ್ಲ."

ಬಖ್ತೌರ್ ಸಿಂಗ್ ಮೀಸೆ ಸವರಿದ. "ನಮ್ಮ ಷಡ್ಡಕ ಮೊದಲು ಇಳೀಲಿ."

"ನಾನ್ಯಾಕೆ ಮೊದಲು? ಇಪ್ಪತ್ತೆಂಟು ವರ್ಷದ ಹಿಂದೆ ಮಾವನ ಮನೇಲಿ ಉಂಗುರ ಯಾರಿಗೆ ಮೊದಲು ತೊಡಿಸಿದ್ರು ಅಂತ ಕೇಳು ಇವನನ್ನ."

"ನಂಗೆ ಮೊದಲು ತೊಡಿಸಿದ್ರು, ತೆಳ್ಳಗಿಂದು ತೊಡಿಸಿದ್ರು!"

ಹಿಂದೆ ಕಾರುಗಳ ಸಾಲು ಬೆಳೆಯಿತು. ದಿಬ್ಬಣ ನಿಂತದ್ದರಿಂದ ಬ್ಯಾಂಡಿನವರು ಬಾರಿಸುವುದನ್ನು ಬಿಟ್ಟು ಬೀಡಿ ಹಚ್ಚಿದರು. ಬಜಾರಿನವರೆಲ್ಲ ಇಳಿದು ಬಂದು ಸುತ್ತ ನೆರೆದರು. ಸಂಕಟ ತಾಳಲಾರದೆ ಮದುಮಗ ಸುಖಪಾಲನೇ ಕೆಳಕ್ಕೆ ಹಾರಿದ. ಕಡ್ಡಿಯಂಥ ಹುಡುಗ; ಜೀಪು ನೂಲೆಳೆಯಷ್ಟೂ ಮೇಲೇಳಲಿಲ್ಲ. ಬದಲಿಗೆ ನಾಜರ್ ಸಿಂಗ್ ಬೊಬ್ಬೆ ಹೊಡೆದ: "ಮದುಮಗನ್ನೇ ಬೀದೀಲಿ ನಿಲ್ಲಿಸಿದ್ರಲ್ರೋ! ಇದೇನು ಮದುವೆನೋ, ತಿಥಿನೋ?" ಸುಖಪಾಲನನ್ನು ಅವಸರದಿಂದ ಮತ್ತೆ ಮೇಲೆ ಹತ್ತಿಸಿದರು.

ನಾಲ್ಕು ತಿಂಗಳು ತಗಡು ಬಡಿದ ಸದ್ದೆಲ್ಲ ಒಮ್ಮೆಗೇ ನನ್ನ ತಲೆಯಲ್ಲಿ ಎದ್ದಿತು. ಇವರ ಮುನಿಸಿಗೆ ಇನ್ನೆಷ್ಟು ಬಣ್ಣ ಬಳಿಯಲಿ? ಬಾಯಿ ತಾನಾಗಿಯೇ ತೆರೆದುಕೊಂಡಿತು.

"ನಿಮ್ಮಿಬ್ರನ್ನ ಇದು ಹೊರಲ್ಲ ಕಣ್ರೀ! ತಳ ಒಡೆಯುತ್ತೆ! ನಾನು ಕಟ್ಟಿದ್ದೇ ತಪ್ಪು. ನಿಮ್ಮನ್ನ ಲೆಕ್ಕಕ್ಕೇ ಹಿಡೀದೆ ಇಷ್ಟು ತಗ್ಗಿಸಿಬಿಟ್ಟೆ!"

ನಾಜರ್ ಸಿಂಗ್ ನಿಧಾನವಾಗಿ ನನ್ನ ಕಡೆಗೆ ತಿರುಗಿದ.

"ಅಂದ್ರೆ ತಪ್ಪು ನಿಂದು?"

"ನಂದೇ."

"ನಮ್ಮ ತೂಕದ್ದಲ್ಲ?"

"ಅಲ್ಲ, ಫುಫ್ಫಡ್‌ಜೀ."

"ಹಿಂದಿರೋರಿಗೆ ಕೇಳಿಸ್ಲಿಲ್ಲ. ಜೋರಾಗಿ ಹೇಳು."

ನನ್ನ ಪಕ್ಕದಲ್ಲಿ ಬಜಾರಿನ ಆರು ಮಂದಿ ಮಿಸ್ತ್ರಿಗಳು ನಿಂತಿದ್ದರು. ಅವರಲ್ಲಿಬ್ಬರು ನನ್ನ ಹಳೆಯ ಯಜಮಾನರು. ಕೆಂಪು ಬಣ್ಣದಲ್ಲಿ ಅವರ ಮುಖಗಳೆಲ್ಲ ಸಾಲಾಗಿ ಕಾಣುತ್ತಿದ್ದವು. ಸುಮ್ಮನಿದ್ದರೆ ಗೇರ್‌ಬಾಕ್ಸು ಒಡೆಯುತ್ತಿತ್ತು, ಹೇಳಿದರೆ ಹೆಸರು. ಹೇಳಿದೆ, ಗಂಟಲು ಕೆರೆಯುವಷ್ಟು ಜೋರಾಗಿ.

ತಾಲೀಮು ಮಾಡಿದವರಂತೆ ಷಡ್ಡಕರಿಬ್ಬರೂ ಒಂದೇ ಗಳಿಗೆಗೆ ಕಾಲು ಕೆಳಗಿಟ್ಟರು. ಅವರ ಮುಖದಲ್ಲಿ ಮುನಿಸಿನ ಗುರುತೇ ಇರಲಿಲ್ಲ. ಪರಸ್ಪರ ಹೆಗಲ ಮೇಲೆ ಕೈಹಾಕಿಕೊಂಡು, ಸಿಕ್ಕಸಿಕ್ಕವರನ್ನು ನಿಲ್ಲಿಸುತ್ತ ಸೇತುವೆ ಏರಿದರು.

"ಕೇಳಿದ್ಯಾ? ಮಿಸ್ತ್ರಿ ಬಾಯಲ್ಲೇ ಬಂತು. ಗಾಡಿಯಂತೆ ಗಾಡಿ! ಇಬ್ಬರು ಅಳಿಯಂದಿರನ್ನ ಹೊರೋಕಾಗಲ್ವಂತೆ!"

"ನಮ್ಮ ಎತ್ತಿನ ಗಾಡೀನೇ ವಾಸಿ ಬಿಡಪ್ಪ."

ಜನರೆಲ್ಲ ನಗುತ್ತ ಅವರ ಹಿಂದೆ ನಡೆದರು. ಬ್ಯಾಂಡು ಮತ್ತೆ ಶುರುವಾಯಿತು. ನಾನು ಸೇತುವೆಯ ನೆತ್ತಿಯಲ್ಲಿ ಬದಿಗೆ ಸರಿದು ಬೋರಲು ಮಲಗಿ ಕೈಯಾಡಿಸುತ್ತ ಹರ್ಮೇಲನನ್ನು ಕರೆದೆ. ಕೆಂಪು ಜೀಪು ಒಂದಿಷ್ಟೂ ತೊನೆಯದೆ ಉಬ್ಬನ್ನು ಏರಿತು, ನನ್ನ ಕಣ್ಣಳತೆಯಲ್ಲೇ ದಾಟಿ ಆಚೆಗೆ ಇಳಿಯಿತು. ಗೇರ್‌ಬಾಕ್ಸಿಗೂ ಕಲ್ಲಿಗೂ ನಡುವೆ ಪೂರಾ ನಾಲ್ಕು ಬೆರಳಿನ ಅಂತರವಿತ್ತು. ಅದನ್ನು ಕಂಡವನು ನೆಲದ ಮೇಲೆ ಮಲಗಿದ್ದ ನಾನೊಬ್ಬನೇ.