ಗಾಜಿಲ್ಲದ ಬದಿ

ಶುಭ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ನಾನು ಇಪ್ಪತ್ತೊಂದು ಬೆನ್ನುಗಳನ್ನು ಕುಯ್ದಿದ್ದೆ. ಪಾಂಪಾಂಗ ಪ್ರಾಂತ್ಯದ ನಮ್ಮೂರಲ್ಲಿ ಅದು ನನ್ನ ಕೆಲಸ. ಅಂಗೈ ಅಗಲದ ಮರದ ಹಲಗೆ, ಅದರ ಒಂದು ಬದಿಗೆ ಡಾಂಬರಿನಲ್ಲಿ ಕೂರಿಸಿದ ಗಾಜಿನ ಚೂರುಗಳು. ಹರಕೆಯವರು ಮುಖಕ್ಕೆ ಬಟ್ಟೆ ಸುತ್ತಿ, ಬರಿಗಾಲಲ್ಲಿ, ಬಿದಿರುಕಡ್ಡಿ ಕಟ್ಟಿದ ಹಗ್ಗದಿಂದ ಬೆನ್ನಿಗೆ ಹೊಡೆದುಕೊಳ್ಳುತ್ತ ಏಳು ಚಾಪೆಲ್ ಸುತ್ತುತ್ತಾರೆ. ಹಗ್ಗದಿಂದ ಬೆನ್ನು ಊದುತ್ತದೆ, ರಕ್ತ ಬರುವುದಿಲ್ಲ. ರಕ್ತಕ್ಕೆ ದಾರಿ ಮಾಡುವವನು ನಾನು.

ಇಪ್ಪತ್ತೆರಡನೆಯವನು ನನ್ನ ಅಣ್ಣ ರುಪೆರ್ತೊ.

ಅವನ ಮಗಳು ಜೊವಿಲಿನ್ ಹೃದಯದಲ್ಲಿ ತೂತಿಟ್ಟುಕೊಂಡು ಹುಟ್ಟಿದಾಗ ಅವನು ಹದಿನೈದು ವರ್ಷದ ಹರಕೆ ಹೊತ್ತ. ಅವಳು ಬದುಕಿದಳು. ಇದು ಕೊನೆಯ ವರ್ಷ. ಆದರೆ ಈಗ ಅವನಿಗೆ ಸಕ್ಕರೆ ಕಾಯಿಲೆ. ಹೋದ ವರ್ಷದ ಗಾಯ ಆಗಸ್ಟ್ ತನಕ ಕೀವು ಸುರಿಸಿತ್ತು.

ಹಿಂದಿನ ದಿನ ನಾನು ಗಾಜು ಕೂರಿಸುತ್ತಿದ್ದಾಗ ಜೊವಿಲಿನ್ ಬಂದು ಎದುರು ಕೂತಿದ್ದಳು. ಚಿಕ್ಕಪ್ಪನಾದ ನನ್ನನ್ನು ಅವಳು ಬಾಪಾ ಎನ್ನುತ್ತಾಳೆ.

"ಬಾಪಾ, ಅಪ್ಪನ್ನ ಕುಯ್ಬೇಡ."

"ನಾನು ಕುಯ್ಲಿಲ್ಲ ಅಂದ್ರೆ ಪಕ್ಕದೂರಿನವನ ಹತ್ರ ಹೋಗ್ತಾನೆ. ಅವನು ಹಂದಿ ಕಡಿಯೋನು ಕಣೇ."

"ಹಂಗಾದ್ರೆ ಕುಯ್ದಂಗೆ ಮಾಡು."

"ಹರಕೆಗೆ ಮೋಸ ಮಾಡು ಅಂತೀಯಾ?"

"ನನ್ನ ಹೆಸರಲ್ಲಿ ಹೊತ್ತಿದ್ದು. ನನ್ನ ಯಾರು ಕೇಳಿದ್ರು? ನಂಗಾಗ ಮೂರು ತಿಂಗಳು. ಪ್ರತಿ ವರ್ಷ ಅವನು ರಕ್ತ ಸುರಿಸ್ತಾನೆ, ನಾನು ಪ್ಯಾಂಟ್ ಒಗೀತೀನಿ. ರಕ್ತ ಬೇಗ ಬಿಡಲ್ಲ, ಗೊತ್ತಾ ನಿಂಗೆ?"

ನಾನು ಇನ್ನೊಂದು ಗಾಜಿನ ಚೂರನ್ನು ಡಾಂಬರಿಗೆ ಒತ್ತಿದೆ.

ಶುಕ್ರವಾರ ಅಣ್ಣ ಗೋಡೆಗೆ ಕೈ ಕೊಟ್ಟು ಬಗ್ಗಿದ. ಹೊಡೆದುಕೊಂಡು ಬೆನ್ನು ಆಗಲೇ ಮರಗಟ್ಟಿತ್ತು. "ಚೆನ್ನಾಗಿ ಹಾಕೋ ದೆಲ್ಫಿನ್. ಕೊನೇದು. ಜುಗ್ಗತನ ಮಾಡ್ಬೇಡ."

ಹಲಗೆ ತಿರುಗಿಸಿ ಗಾಜಿಲ್ಲದ ಬದಿಯಿಂದ ಹೊಡೆದೆ. ಆ ಬದಿಯೂ ಇಪ್ಪತ್ತೊಂದು ಜನರ ರಕ್ತದಲ್ಲಿ ತೊಯ್ದಿತ್ತು. ಬೆನ್ನು ಕೆಂಪಾಯಿತು.

"ಆಯ್ತಾ?"

"ಆಯ್ತು ಕೊಯಾ," ಎಂದೆ. ಅಣ್ಣನನ್ನು ನಾನು ಕರೆಯುವುದು ಹಾಗೆ.

ಅವನು ನಡೆದ. ಅನ್ನದ ಕಡುಬು ಮಾರುವ ಮುದುಕಿ ಪುರಿಂಗ್ ಮಧ್ಯಾಹ್ನ ನನ್ನನ್ನು ಹಿಡಿದು ಕೇಳಿದಳು: "ಏನೋ, ನಿನ್ನಣ್ಣನ ಪ್ಯಾಂಟ್ ಮದುವೆಗೆ ಹೊರಟಂಗೆ ಬೆಳ್ಳಗಿದೆ? ನಿನ್ನ ಗಾಜು ಸವೀತೋ, ಅವನ ರಕ್ತ ಮುಗೀತೋ?" ನಾನು ಸುಳ್ಳು ನಗೆ ನಕ್ಕೆ. ಜೊವಿಲಿನ್ ನಗಲಿಲ್ಲ. ನಾವಿಬ್ಬರೂ ದಿನವಿಡೀ ಅವನ ಬೆನ್ನನ್ನೇ ನೋಡುತ್ತಿದ್ದೆವು. ಏಪ್ರಿಲ್ ಬಿಸಿಲಿಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಅವನ ಪಾದ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೂರು ಗಂಟೆಗೆ ಮೈ ತೊಳೆಯಲು ಹೊಳೆಗೆ ಬಂದವನ ಮುಖ ಅರಳಿತ್ತು.

"ಒಂಚೂರೂ ನೋವಾಗ್ಲಿಲ್ಲ ಕಣೋ! ಬೆನ್ನೂ ಉರೀಲಿಲ್ಲ, ಕಾಲೂ ಸುಡ್ಲಿಲ್ಲ. ಹತ್ತಿ ಮೇಲೆ ನಡೆದಂಗಿತ್ತು. ಕೊನೇ ವರ್ಷ ಅಂತ ನೋವನ್ನ ದೇವರೇ ಹೊತ್ಕೊಂಡ."

ಅವನು ನೀರಿಗೆ ಕಾಲಿಟ್ಟ. ಬಲ ಅಂಗಾಲಿನ ಚರ್ಮ ಸುಲಿದು ನೀರ ಮೇಲೆ ತೇಲಿತು. ಸಕ್ಕರೆ ಕಾಯಿಲೆ ಅವನ ಪಾದವನ್ನು ಎಂದೋ ಜಡಮಾಡಿತ್ತು. ಅವನು ಅದನ್ನು ಕೃಪೆ ಎಂದುಕೊಂಡಿದ್ದ.

ಹದಿನೆಂಟು ದಿನಕ್ಕೆ ಆಸ್ಪತ್ರೆಯಲ್ಲಿ ಬಲ ಪಾದ ತೆಗೆದರು. ಆದರೂ ಅಣ್ಣ ಅಳಲಿಲ್ಲ. ಅಂಗಿ ಎತ್ತಿ ವಾರ್ಡಿನವರಿಗೆಲ್ಲ ಬೆನ್ನು ತೋರಿಸುತ್ತಿದ್ದ. "ನೋಡಿ, ಹೊಸ ಗಾಯದ ಗುರುತೇ ಇಲ್ಲ! ಸಕ್ಕರೆಯವನ ಬೆನ್ನು ಇಷ್ಟು ಬೇಗ ಮಾಯೋದುಂಟಾ?" ಪಕ್ಕದ ಹಾಸಿಗೆಯ ಹೆಂಗಸು ತನ್ನ ಜಪಮಾಲೆಯನ್ನು ಅವನ ಬೆನ್ನಿಗೆ ಮುಟ್ಟಿಸಿಕೊಂಡಳು.

"ಹೊಸ ಹರಕೆ ಹೊತ್ತಿದೀನಿ," ಎಂದ. "ಇನ್ನೂ ಹದಿನೈದು ವರ್ಷ. ಮಂಡಿ ಮೇಲಾದ್ರೂ ಸರಿ."

ಜೊವಿಲಿನ್ ನನ್ನನ್ನು ನೋಡಿದಳು.

"ಕೊಯಾ, ನಾನು ಕುಯ್ಲಿಲ್ಲ. ಗಾಜಿಲ್ಲದ ಬದಿಯಿಂದ ಹೊಡೆದೆ. ಅದು ಬೇರೆಯವರ ರಕ್ತ."

ಅವನು ಅಂಗಿ ಇಳಿಸಿದ. "ನಿನ್ನ ಉಪಾಯಾನಾ ಇದು?" ಎಂದ.

"ನಂದು," ಎಂದಳು ಜೊವಿಲಿನ್.

"ಹಂಗಾದ್ರೆ ಈ ವರ್ಷದ್ದು ಸಲ್ಲಲಿಲ್ಲ."

"ಪಾದ ಹೋಯ್ತಲ್ಲ ಅಪ್ಪಾ! ಇನ್ನೇನು ಕೊಡ್ತೀಯಾ?"

"ಅದು ನಾನು ಕೊಟ್ಟಿದ್ದಲ್ಲ. ನಂಗೆ ಗೊತ್ತೇ ಆಗದೆ ಹೋಯ್ತು. ಅದು ಕಾಣಿಕೆ ಹೆಂಗಾಗುತ್ತೆ?"

"ಸರಿ. ಒಂದು ವರ್ಷ ಉಳೀತು. ಬದುಕಿದ್ದು ನಾನು, ಅದನ್ನ ನಾನೇ ತೀರಿಸ್ತೀನಿ." ಅವಳು ನನ್ನತ್ತ ಬೆನ್ನು ತಿರುಗಿಸಿ ಕೂದಲು ಸರಿಸಿದಳು. "ಬಾಪಾ, ಮುಂದಿನ ವರ್ಷದ ಶುಭ ಶುಕ್ರವಾರ ನಂಗೆ ಗಾಜಿನ ಬದಿ. ಜುಗ್ಗತನ ಮಾಡ್ಬೇಡ."

"ಏಯ್! ಅವಳ ಮೈ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ!"

"ಯಾಕೆ?" ಎಂದಳು.

"ನಂಗೋಸ್ಕರ ನೀನ್ಯಾಕೆ ರಕ್ತ ಸುರಿಸ್ಬೇಕು?"

"ನಾನೂ ಇಷ್ಟು ವರ್ಷ ಅದನ್ನೇ ಕೇಳ್ತಿದ್ದೆ. ಒಬ್ರೂ ಕಿವಿಗೆ ಹಾಕ್ಕೊಳ್ಲಿಲ್ಲ."

ಅವಳನ್ನು ಹಿಡಿಯಲು ಅಣ್ಣ ಧಡಕ್ಕನೆ ಎದ್ದ. ಪಾದವಿಲ್ಲದ್ದು ಮರೆತಿದ್ದ. ಮೋಟುಗಾಲು ನೆಲಕ್ಕೆ ಬಡಿದು ಚೀರಿದ. ನಾನು ತೋಳು ಕೊಟ್ಟು ಅವನನ್ನು ಹಿಡಿದೆ. ಜೊವಿಲಿನ್ ಓಡಿಬಂದು ಕಾಲನ್ನು ಮಡಿಲಿಗೆ ಎತ್ತಿಕೊಂಡಳು.

"ಆ ಹಲಗೆ ಒಲೆಗೆ ಹಾಕು," ಎಂದ, ಹಲ್ಲು ಕಚ್ಚಿ.

"ಹರಕೆ?" ಎಂದೆ.

"ಒಲೆಗೆ ಹಾಕು ಅಂದ್ನಲ್ಲ!"

ಹೂಂ ಎಂದೆ. ಮುಂದಿನ ವರ್ಷ ಗೋಡೆಗೆ ಕೈ ಕೊಟ್ಟು ಬಗ್ಗುವ ಉಳಿದ ಇಪ್ಪತ್ತೊಂದು ಜನರಿಗೆ ಏನು ಹೇಳಬೇಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.